ಮದುವೆಯಾದ ಮೇಲೆ ಹಾಕಿಸಬೇಕಂತೆ!

ಮಾನ್ಯ ಸಂಪಾದಕರೆ,

‘ಎಚ್‌ಪಿವಿ ಲಸಿಕೆ ಜಾಗೃತಿ ಶಿಬಿರ ಯಶಸ್ವಿ’ ಎಂದು ಸೋಮವಾರ ಫೋಟೊ ಸಮೇತ ಹಾಕಿದ್ದೀರಿ. ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸನ್ನು ತಡೆಯುವ ಲಸಿಕೆ ಅದು. ಆ ಫೋಟೊದ ಎಡತುದಿಯಲ್ಲಿ ಅರ್ಧ ಮುಖ ಕಾಣುತ್ತದಲ್ಲ, ಅದು ನಾನೇ. ಏನು ಯಶಸ್ವಿಯಾಯಿತು ಎಂದು ನನ್ನನ್ನು ಕೇಳಿ.

ಹತ್ತು ಗಂಟೆಗೆ ಅಂದಿದ್ದರು. ಮಗಳ ಟ್ಯೂಷನ್ ತಪ್ಪಿಸಿ, ಆಟೊಗೆ 90 ರೂಪಾಯಿ ತೆತ್ತು ಹೋದೆ. ಮುಖ್ಯ ಅತಿಥಿಗಳು ಬಂದದ್ದು ಹನ್ನೆರಡಕ್ಕೆ. ಶಾಮಿಯಾನ ವೇದಿಕೆಗೆ ಮಾತ್ರ, ನಮಗೆ ಬಿಸಿಲು. ಶಾಲು, ಹಾರ, ಪೇಟ ಎಲ್ಲ ಮುಗಿದ ಮೇಲೆ ನಮ್ಮ ಸರದಿ.

ಟೇಬಲ್ ಹಿಂದೆ ಐದು ಜನ ನರ್ಸಿಂಗ್ ವಿದ್ಯಾರ್ಥಿಗಳು. ಬಿಳಿ ಕೋಟಿನ ಇಸ್ತ್ರಿಗೆ ಪೂರ್ತಿ ಅಂಕ ಕೊಡಬಹುದು. ‘ಮಗಳಿಗೆ 14 ತುಂಬಿ 11 ತಿಂಗಳಾಯಿತು, ಯಾವಾಗ ಹಾಕಿಸಬೇಕಮ್ಮ?’ ಎಂದೆ. ‘ಆಂಟಿ, ಇದು ಮದುವೆಯಾದ ಮೇಲೆ ಹಾಕ್ಸೋದು’ ಎಂದಳು ಒಬ್ಬಳು. ಪಕ್ಕದ ಹುಡುಗ, ‘ಇದು ಏಡ್ಸ್‌ದು ಅಲ್ವೇನೇ?’ ಎಂದ. ಕರಪತ್ರ ಕೇಳಿದರೆ ಖಾಲಿಯಂತೆ. ಖಾಲಿಯಾದ ಕರಪತ್ರಗಳು ಬೋಂಡಾ ತಟ್ಟೆಯ ಕೆಳಗೆ ಎಣ್ಣೆ ಕುಡಿಯುತ್ತಿದ್ದವು. ಒಂದನ್ನು ಎಳೆದು ಓದಿದೆ. ಅಲ್ಲೇ ಅಚ್ಚಾಗಿದೆ: 9ರಿಂದ 14 ವರ್ಷದವರೆಗೆ ಎರಡು ಡೋಸ್, 15 ತುಂಬಿದರೆ ಮೂರು. ಈ ವೈರಸ್ ಲೈಂಗಿಕ ಸಂಪರ್ಕದಿಂದ ಹರಡುತ್ತೆ, ಅದಕ್ಕೇ ಮೊದಲೇ ಹಾಕಿಸಬೇಕು. ಇವರ ಮಾತು ಕೇಳಿದ್ದರೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುತ್ತಿದ್ದೆ.

ಒಂದೇ ಡೋಸ್ ಕೂಡ ಸಾಕಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿದೆಯಲ್ಲ, ಅದೇನು ಅಂತಲೂ ಕೇಳಬೇಕಿತ್ತು. ಯಾರನ್ನು ಕೇಳಲಿ? ‘ಆ ಪಾಠ ಇನ್ನೂ ಆಗಿಲ್ಲ ಆಂಟಿ, ಬೆಳಿಗ್ಗೆ ಬಸ್ಸಿಗೆ ಹತ್ತಿಸಿ ಕರ್ಕೊಂಡ್ಬಂದ್ರು’ ಎಂದು ಅವಳೇ ಮೆಲ್ಲಗೆ ಹೇಳಿದಳು. ಪಾಪ, ಮಕ್ಕಳನ್ನು ಬೈದು ಏನು ಬಂತು?

ನಮ್ಮ ದೊಡ್ಡಮ್ಮ ಗರ್ಭಕಂಠದ ಕ್ಯಾನ್ಸರಿನಲ್ಲೇ ಹೋದದ್ದು. ಬಿಳಿ ಹೋಗುತ್ತೆ ಅಂತ ಹೇಳಲು ನಾಚಿ ಒಂದು ವರ್ಷ ತಳ್ಳಿದ್ದರು. ದೇಶದಲ್ಲಿ 2020ರ ಒಂದೇ ವರ್ಷದ ಅಂದಾಜಿನಲ್ಲಿ 77 ಸಾವಿರ ಹೆಂಗಸರು ಇದೇ ಕ್ಯಾನ್ಸರಿಗೆ ಸತ್ತಿದ್ದಾರೆ. ಇದು ಸುಮ್ನೆ ಫೋಟೊ ತೆಗೆಸಿಕೊಳ್ಳುವ ವಿಷಯವಾ?

2024ರ ಫೆಬ್ರವರಿಯ ಕೇಂದ್ರ ಬಜೆಟ್ಟಿನಲ್ಲಿ ಈ ಲಸಿಕೆಗೆ ‘ಪ್ರೋತ್ಸಾಹ’ ಕೊಡುತ್ತೇವೆ ಎಂದರು. ಪ್ರೋತ್ಸಾಹ ನನ್ನ ಹತ್ತಿರವೂ ಬೇಕಾದಷ್ಟಿದೆ. ನಮ್ಮ ದೇಶದ್ದೇ ಎಚ್‌ಪಿವಿ ಲಸಿಕೆ ಸರ್ವಾವ್ಯಾಕ್ 2023ರಲ್ಲಿ ಖಾಸಗಿಯವರಿಗೆ ಬಂದಾಗಲೇ ಡೋಸಿಗೆ 2 ಸಾವಿರ. 15 ತುಂಬಿದರೆ ಇನ್ನೊಂದು ಡೋಸ್ ಜಾಸ್ತಿ, ಇನ್ನೊಂದು 2 ಸಾವಿರ. ಅದನ್ನು ಮುಖ್ಯ ಅತಿಥಿಗಳು ಕೊಡುತ್ತಾರಾ?

ಡೆಂಗಿ ಸಪ್ತಾಹದಲ್ಲೂ ಇದೇ ಕಥೆ. ಜಾಥಾ ನಮ್ಮ ಕ್ರಾಸಿನಲ್ಲೇ ಹೋಯಿತು, ತೆರೆದ ಮೋರಿ ದಾಟಿಕೊಂಡು. ಮೋರಿ ಇವತ್ತಿಗೂ ಹಾಗೇ ಇದೆ. ಮೂರು ಸಲ ಅರ್ಜಿ ಕೊಟ್ಟೆ, ಮೂರು ಸಲವೂ ‘ಸಾಹೇಬರು ಮೀಟಿಂಗಲ್ಲಿದ್ದಾರೆ’. ಆರೋಗ್ಯ ಕೇಂದ್ರದ ಲೇಡಿ ಡಾಕ್ಟರ ಕುರ್ಚಿ ಮೇಲೆ ಬೆಕ್ಕು ಮಲಗುವುದನ್ನು ನಾನೇ ನೋಡಿದ್ದೇನೆ.

ಇನ್ನಾದರೂ ಮಕ್ಕಳಿಗೆ ಪಾಠ ಮಾಡಿ ಕಳಿಸಲಿ, ಇಲ್ಲ ಕಳಿಸದೇ ಇರಲಿ. ಆ ಮೋರಿಗೂ ಒಂದು ಚಪ್ಪಡಿ ಹಾಕಲಿ. ಮುಖ್ಯ ಅತಿಥಿಗಳಿಗೆ ನಾಚಿಕೆ ಅಂತ ಏನಾದರೂ ಇದ್ದರೆ ಆ ಪೇಟ ವಾಪಸ್ ಕೊಡಲಿ.

– ಫೋಟೊದಲ್ಲಿ ಅರ್ಧ ಮುಖದವಳು
(ಹೆಸರು ಹಾಕಬೇಡಿ, ಮಗಳು ಶಾಲೆಗೆ ಹೋಗಬೇಕು)