ತ್ಯಾಗಕ್ಕೆ ಚಪ್ಪಾಳೆ ಸಾಕು, ತಿಳಿವಳಿಕೆಗೆ ಬೆಲೆ ಕೊಡಿ: ತುಮಕೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಾನು ಪಾವಗಡ ತಾಲ್ಲೂಕಿನವನು. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ನಮ್ಮ ಕಡೆಯಿಂದ ತಮಗೆ ಪತ್ರ ಬಂತು ಅಂದರೆ ಕುಡಿಯುವ ನೀರು, ಬರ ಪರಿಹಾರ, ಇಲ್ಲವೇ ಬಸ್ಸು, ಇಷ್ಟರಲ್ಲಿ ಒಂದಿರುತ್ತದೆ. ಇದು ಬೇರೆ ವಿಷಯ. ನೀರಿನ ಮಾತು ನಡುವೆ ಬಂದೇ ಬರುತ್ತದೆ. ಅದನ್ನು ಬಿಟ್ಟು ಎರಡು ಪುಟ ಬರೆಯುವುದು ಪಾವಗಡದವರ ಕೈಲಾಗದ ಕೆಲಸ.

ಮಾರ್ಚ್ 8 ಬಂದರೆ, ನವೆಂಬರ್ 1 ಬಂದರೆ ಎಲ್ಲ ಕಡೆ ಸಾಧಕಿಯರಿಗೆ ಸನ್ಮಾನ ನಡೆಯುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ನೆನಪಿನ ಕಾಣಿಕೆ. ಇಂಥ ಸಮಾರಂಭಗಳಲ್ಲಿ ನಾನೂ ಬೇಕಾದಷ್ಟು ಸಲ ಕೂತಿದ್ದೇನೆ. ಭಾಷಣ ಮಾಡುವವರು ಆ ಹೆಣ್ಣುಮಗಳು ಎಷ್ಟು ಕಷ್ಟಪಟ್ಟರು ಅಂತ ಹೇಳುತ್ತಾರೆ. ಮಕ್ಕಳನ್ನು ಸಾಕುತ್ತಾ, ಅತ್ತೆ ಮಾವನನ್ನು ನೋಡಿಕೊಳ್ಳುತ್ತಾ ಇದನ್ನೂ ಮಾಡಿದರು ಅನ್ನುತ್ತಾರೆ. ಅವರು ಕಂಡುಕೊಂಡದ್ದು ಏನು, ಆ ಕೆಲಸ ಹೇಗೆ ನಡೆಯುತ್ತದೆ, ಅದನ್ನು ಇನ್ನೊಬ್ಬರು ಕಲಿಯಬಹುದಾ? ಇದನ್ನು ಮಾತ್ರ ಯಾರೂ ಕೇಳುವುದಿಲ್ಲ. ಸನ್ಮಾನ ಮಾಡಿಸಿಕೊಂಡವರ ಕೈಗೆ ಮೈಕು ಬರುವ ಹೊತ್ತಿಗೆ ಅರ್ಧ ಜನ ಊಟಕ್ಕೆ ಎದ್ದಿರುತ್ತಾರೆ. ವಿಜ್ಞಾನ, ಆರೋಗ್ಯ, ತಂತ್ರಜ್ಞಾನದಲ್ಲಿ ಹೊಸದೇನಾದರೂ ಮಾಡಿದ ಹೆಣ್ಣುಮಕ್ಕಳನ್ನು ನಮ್ಮ ಜಿಲ್ಲೆ ಈ ರೀತಿ ಗೌರವಿಸುವುದು ಸಾಲದು ಅಂತ ಹೇಳುವುದಕ್ಕೇ ಈ ಪತ್ರ.

ಮೊದಲು ನಮ್ಮೂರಿನವರ ಮಾತು. ಸೂಲಗಿತ್ತಿ ನರಸಮ್ಮ ಅವರು ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು. ಹುಟ್ಟಿದ್ದು 1920ರಲ್ಲಿ. ಶಾಲೆಗೆ ಹೋದವರಲ್ಲ, ಹನ್ನೆರಡನೇ ವಯಸ್ಸಿಗೇ ಮದುವೆ. ಹೆರಿಗೆ ಮಾಡಿಸುವುದನ್ನು ಅಜ್ಜಿಯಿಂದ ಕಲಿತರು. ಊರಿಗೆ ಬಂದು ಹೋಗುತ್ತಿದ್ದ ಅಲೆಮಾರಿ ಜನರಿಂದ ಗಿಡಮೂಲಿಕೆ ತಿಳಿದುಕೊಂಡರು. ಇಪ್ಪತ್ತರ ವಯಸ್ಸಿನಲ್ಲಿ ಮೊದಲ ಹೆರಿಗೆ ಮಾಡಿಸಿದರು. ಆಮೇಲೆ 15,000ಕ್ಕೂ ಹೆಚ್ಚು ಹೆರಿಗೆ. ಡಿ. ದೇವರಾಜ ಅರಸು ಪ್ರಶಸ್ತಿ ಬಂದದ್ದು 2012ರಲ್ಲಿ, ಅವರಿಗೆ ತೊಂಬತ್ತು ದಾಟಿದ ಮೇಲೆ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಎಪ್ಪತ್ತು ವರ್ಷ ದುಡಿಮೆ, ಕೊನೆಯ ಆರೇಳು ವರ್ಷ ಗೌರವ. ಲೆಕ್ಕ ಸರಿಯಾಗಿ ಕೂರುವುದಿಲ್ಲ, ಅಲ್ವಾ?

ತಡವಾದದ್ದನ್ನಾದರೂ ಸಹಿಸಿಕೊಳ್ಳಬಹುದು. ನನಗೆ ಜಾಸ್ತಿ ಕಾಡುವುದು ಇನ್ನೊಂದು. ನರಸಮ್ಮನವರ ಬಗ್ಗೆ ಯಾರನ್ನು ಕೇಳಿದರೂ ಆ 15,000ದ ಲೆಕ್ಕ ಹೇಳುತ್ತಾರೆ. ಅವರ ಕೈಗೆ ಏನು ಗೊತ್ತಿತ್ತು ಅಂತ ಕೇಳಿದರೆ ದೈವದತ್ತ ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಹೊಟ್ಟೆ ಮುಟ್ಟಿ ಮಗು ಹೇಗಿದೆ ಅಂತ ಹೇಳುವುದರಲ್ಲಿ ದೈವದ ಮಾತೇ ಇಲ್ಲ. ಅದು ವಿದ್ಯೆ. ನರ್ಸಿಂಗ್ ಓದುವ ಮಕ್ಕಳಿಗೆ ಇದೇ ಪರೀಕ್ಷೆಯನ್ನು ನಾಲ್ಕು ಹಂತದಲ್ಲಿ ಕಲಿಸುತ್ತಾರೆ. ಜರ್ಮನಿಯ ಲಿಯೋಪೋಲ್ಡ್ ಎಂಬ ವೈದ್ಯರ ಹೆಸರು ಅದಕ್ಕಿದೆ. ಗರ್ಭಕೋಶದ ಮೇಲ್ಭಾಗದಲ್ಲಿರುವುದು ತಲೆಯೋ ಪೃಷ್ಠವೋ, ಮಗುವಿನ ಬೆನ್ನು ಯಾವ ಪಕ್ಕಕ್ಕಿದೆ, ಕೆಳಗೆ ಯಾವ ಭಾಗ ಬಂದಿದೆ, ಅದು ಎಷ್ಟು ಇಳಿದಿದೆ. ಇಷ್ಟನ್ನು ಬರೀ ಕೈಯಲ್ಲಿ ತಿಳಿಯಬೇಕು. ಪುಸ್ತಕವಿಲ್ಲದೆ, ಲಾಟೀನಿನ ಬೆಳಕಿನಲ್ಲಿ, ಹಟ್ಟಿಯಿಂದ ಹಟ್ಟಿಗೆ ನಡೆದು ಇದನ್ನು ಪಳಗಿಸಿಕೊಂಡವರು ಒಂದು ರೀತಿಯಲ್ಲಿ ಸಂಶೋಧಕರೇ.

ತಪ್ಪು ತಿಳಿಯಬೇಡಿ. ಮನೆ ಹೆರಿಗೆಗೆ ವಾಪಸ್ ಹೋಗೋಣ ಅಂತ ನಾನು ಹೇಳುತ್ತಿಲ್ಲ. ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ಎಂಥ ಪಳಗಿದ ಕೈಯೂ ಸೋಲುತ್ತದೆ. ಆಗ ಇಂಜೆಕ್ಷನ್ ಬೇಕು, ರಕ್ತ ಬೇಕು, ಡಾಕ್ಟರು ಬೇಕು. ನನ್ನ ಮಾತು ಇಷ್ಟೇ. ರಾತ್ರಿ ಎರಡು ಗಂಟೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬಳೇ ಇರುವ ನರ್ಸ್‌ಗೂ ಇದೇ ಕೈ ಬೇಕು. ಸ್ಕ್ಯಾನಿಂಗ್ ಇರುವುದು ತಾಲ್ಲೂಕು ಕೇಂದ್ರದಲ್ಲಿ. ಈ ಗರ್ಭಿಣಿಯನ್ನು ಈಗಲೇ ಆಂಬುಲೆನ್ಸ್ ಹತ್ತಿಸಬೇಕು ಅಂತ ಸಮಯಕ್ಕೆ ಸರಿಯಾಗಿ ಗುರುತಿಸುವುದೇ ಅರ್ಧ ಜೀವ ಉಳಿಸಿದ ಹಾಗೆ. ನರಸಮ್ಮನವರ ಹೆಸರಿನಲ್ಲಿ ಜಿಲ್ಲೆ ಪ್ರತಿ ವರ್ಷ ಕೆಲವು ನರ್ಸ್‌ಗಳಿಗೆ, ಹಳ್ಳಿಗಳಲ್ಲಿ ಕೆಲಸ ಮಾಡುವ ಎಎನ್ಎಂ ಆರೋಗ್ಯ ಸಹಾಯಕಿಯರಿಗೆ ಸಂಬಳ ಸಮೇತ ತರಬೇತಿ ಕೊಡಲಿ. ಹಳ್ಳಿಗಳಲ್ಲಿ ಇನ್ನೂ ಬದುಕಿರುವ ಹಳೆಯ ಸೂಲಗಿತ್ತಿಯರನ್ನು ಆ ತರಬೇತಿಗೆ ಕರೆಸಲಿ. ಅವರು ಹೇಳಿದ್ದನ್ನು ಡಾಕ್ಟರುಗಳು ಕೂತು ಕೇಳಿ, ಸರಿಯಿದ್ದದ್ದನ್ನು ಬರೆದುಕೊಳ್ಳಲಿ, ಸರಿಯಿಲ್ಲದ್ದನ್ನು ಬಿಡಲಿ. ಬಂದವರಿಗೆ ದಿನದ ಭತ್ಯೆ ಕೊಡಲಿ. ಅದನ್ನು ಮರೆಯುವುದು ಬೇಡ.

ಎರಡನೆಯ ಹೆಸರು ನಮ್ಮ ಜಿಲ್ಲೆಯವರದ್ದಲ್ಲ. ಆದರೂ ಪಾವಗಡದಲ್ಲಿ ಇರಬೇಕಾದ ಹೆಸರು.

ತಿರುಮಣಿ, ವಳ್ಳೂರು, ಬಳಸಮುದ್ರದ ಕಡೆ ಹೋದರೆ ಈಗ ಶೇಂಗಾ ಹೊಲಗಳ ಬದಲು ಸೌರ ಫಲಕಗಳು. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. 2018ರಲ್ಲಿ ಉದ್ಘಾಟನೆಯಾದಾಗ ಈ ಸೌರ ಪಾರ್ಕಿಗೆ ಶಕ್ತಿಸ್ಥಳ ಅಂತ ಹೆಸರಿಟ್ಟರು. ಬಿಸಿಲನ್ನು ಬೈಯುತ್ತಲೇ ಬೆಳೆದವರು ನಾವು. ಅದೇ ಬಿಸಿಲಿಗೆ ಬೆಲೆ ಬಂದದ್ದು ಸಂತೋಷವೇ. ಆದರೆ ಬಿಸಿಲಿಗೆ ಬೆಲೆ ಕಟ್ಟಬೇಕಾದರೆ ಮೊದಲು ಅದನ್ನು ಅಳೆಯಬೇಕು. ಯಾವ ಊರಲ್ಲಿ, ಯಾವ ತಿಂಗಳಲ್ಲಿ, ಒಂದು ಚದರ ಮೀಟರ್ ನೆಲಕ್ಕೆ ಎಷ್ಟು ಸೌರಶಕ್ತಿ ಬೀಳುತ್ತದೆ? ಈ ಲೆಕ್ಕವಿಲ್ಲದೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ, ಯಾವ ಕಂಪನಿಯೂ ಫಲಕ ಹಾಕುವುದಿಲ್ಲ.

ಭಾರತದಲ್ಲಿ ಈ ಅಳತೆಗೆ ಬುನಾದಿ ಹಾಕಿದವರು ಅನ್ನಾ ಮಣಿ. ಕೇರಳದ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳು ಬೆಳಕನ್ನು ಹೇಗೆ ಹೊಮ್ಮಿಸುತ್ತವೆ ಅಂತ ಸಂಶೋಧನೆ ಮಾಡಿದರು. ಐದು ಪ್ರಬಂಧ ಪ್ರಕಟಿಸಿದರು, ಪಿಎಚ್‌ಡಿಗೂ ಬರೆದು ಸಲ್ಲಿಸಿದರು. ಎಂಎಸ್ಸಿ ಪದವಿ ಇಲ್ಲ ಅಂತ ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್‌ಡಿ ಕೊಡಲಿಲ್ಲ. ಅವರು ತಲೆ ಕೆಡಿಸಿಕೊಳ್ಳಲಿಲ್ಲ ಅಂತ ಕಾಣುತ್ತದೆ. ಲಂಡನ್ನಿಗೆ ಹೋಗಿ ಹವಾಮಾನ ಉಪಕರಣಗಳ ಬಗ್ಗೆ ಕಲಿತು 1948ರಲ್ಲಿ ವಾಪಸ್ ಬಂದರು, ಪುಣೆಯ ಹವಾಮಾನ ಇಲಾಖೆ ಸೇರಿದರು. ಆಗ ಮಳೆಮಾಪಕ, ಉಷ್ಣಮಾಪಕದಂಥ ಸಾಧನಗಳಿಗೂ ವಿದೇಶದ ಕಡೆ ನೋಡಬೇಕಿತ್ತು. ನೂರರಷ್ಟು ಹವಾಮಾನ ಉಪಕರಣಗಳ ನಕ್ಷೆಗಳನ್ನು ಒಂದು ಮಟ್ಟಕ್ಕೆ ತಂದು ಇಲ್ಲೇ ತಯಾರಾಗುವ ಹಾಗೆ ಮಾಡಿದವರು ಅವರು. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ದೇಶದಲ್ಲಿ ಬಿಸಿಲು ಅಳೆಯುವ ಕೇಂದ್ರಗಳ ಜಾಲ ಶುರು ಮಾಡಿದರು. ಆಮೇಲೆ ಇಡೀ ಭಾರತದ ಸೌರ ವಿಕಿರಣದ ಅಂಕಿ ಅಂಶಗಳನ್ನು ಪುಸ್ತಕ ಮಾಡಿದರು. ಗಾಳಿಯ ಅಳತೆಯನ್ನೂ ಬಿಡಲಿಲ್ಲ. ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ಗಾಳಿಯ ವೇಗ, ಸೌರಶಕ್ತಿ ಅಳೆಯುವ ಉಪಕರಣ ಮಾಡುವ ಚಿಕ್ಕ ಕಾರ್ಖಾನೆ ನಡೆಸಿದರು. 2001ರಲ್ಲಿ ತೀರಿಕೊಂಡರು.

ಪಾವಗಡವನ್ನು ಆರಿಸಿದವರು ಅವರ ಪುಸ್ತಕ ತೆಗೆದು ನೋಡಿದರು ಅಂತ ನಾನು ಹೇಳುತ್ತಿಲ್ಲ. ಈಗ ಉಪಗ್ರಹಗಳಿವೆ, ಕಂಪ್ಯೂಟರುಗಳಿವೆ. ಆದರೆ ಉಪಗ್ರಹದ ಲೆಕ್ಕ ಸರಿಯೋ ತಪ್ಪೋ ಅಂತ ನೋಡುವುದಕ್ಕೂ ನೆಲದ ಮೇಲೆ ನಂಬಬಹುದಾದ ಒಂದು ಅಳತೆ ಇರಬೇಕು. ಆ ನಂಬಿಕೆಯನ್ನು ಈ ದೇಶದಲ್ಲಿ ಬೆಳೆಸಿದವರ ಹೆಸರು ದೇಶದ ದೊಡ್ಡ ಸೌರ ಪಾರ್ಕುಗಳಲ್ಲಿ ಒಂದಾದ ನಮ್ಮಲ್ಲಿ ಇರಬೇಡವೇ? 2020ರ ಫೆಬ್ರವರಿ 28ರಂದು, ವಿಜ್ಞಾನ ದಿನದಂದು, ಕೇಂದ್ರ ಸರ್ಕಾರ ಹನ್ನೊಂದು ಮಹಿಳಾ ವಿಜ್ಞಾನಿಗಳ ಹೆಸರಿನಲ್ಲಿ ಪೀಠಗಳನ್ನು ಪ್ರಕಟಿಸಿತು. ಅದರಲ್ಲಿ ಅನ್ನಾ ಮಣಿ ಅವರೂ ಇದ್ದಾರೆ. ನಾನು ಪೀಠ ಕೇಳುತ್ತಿಲ್ಲ. ಸೌರ ಪಾರ್ಕಿನ ಆವರಣದಲ್ಲಿ ಅವರ ಹೆಸರಿನ ಒಂದು ಹವಾಮಾನ ಕೇಂದ್ರ ಇರಲಿ. ಅಲ್ಲಿಗೆ ಸರ್ಕಾರಿ ಶಾಲೆಯ ಮಕ್ಕಳು ಬಂದು ಬಿಸಿಲು ಅಳೆದು ಬರೆದುಕೊಳ್ಳಲಿ. ಪ್ರತಿಮೆ ಮಾತ್ರ ಬೇಡ. ಪ್ರತಿಮೆಗೆ ಬರುವುದು ಕಾಗೆಗಳು ಮತ್ತು ಜಯಂತಿ ದಿನದ ಹಾರಗಳು, ಅಷ್ಟೇ.

ಪಾರ್ಕಿನ ಮಾತು ಬಂತು, ಇನ್ನೊಂದನ್ನೂ ಹೇಳಿಬಿಡುತ್ತೇನೆ. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಗುತ್ತಿಗೆ ಹಣ ಬರುತ್ತದೆ. ಆ ಹೊಲಗಳಲ್ಲಿ ಕಳೆ ತೆಗೆದು, ಶೇಂಗಾ ಕಿತ್ತು ಬದುಕುತ್ತಿದ್ದ ಕೂಲಿ ಹೆಣ್ಣುಮಕ್ಕಳಿಗೆ ಸಿಕ್ಕಿದ್ದು ಹುಲ್ಲು ಕೀಳುವ, ಫಲಕ ತೊಳೆಯುವ ಕೆಲಸ. ಅದೂ ಎಲ್ಲರಿಗೂ ಸಿಗಲಿಲ್ಲ. ಫಲಕದ ಮೇಲೆ ದೂಳು ಕೂತರೆ ಕರೆಂಟು ಕಡಿಮೆಯಾಗುತ್ತದೆ, ಹಾಗಾಗಿ ತೊಳೆಯುವುದೂ ಸಣ್ಣ ಕೆಲಸವಲ್ಲ. ಆದರೆ ಅವರ ಹೆಣ್ಣುಮಕ್ಕಳು ಐಟಿಐ ಮುಗಿಸಿ ಇನ್ವರ್ಟರ್ ರಿಪೇರಿ ಮಾಡುವ ಟೆಕ್ನೀಷಿಯನ್ ಆದರೆ ಅದಕ್ಕಿಂತ ದೊಡ್ಡ ಸನ್ಮಾನ ಇದೆಯೇ? ಅನ್ನಾ ಮಣಿ ಹೆಸರಿನಲ್ಲಿ ಪಾರ್ಕಿಗೆ ಜಮೀನು ಕೊಟ್ಟ ಐದು ಊರುಗಳ ಹುಡುಗಿಯರಿಗೆ ವಿದ್ಯಾರ್ಥಿವೇತನ ಇಡುವುದು ಜಿಲ್ಲೆಗೆ ಭಾರವಾಗದು.

ಈಗ ನೀರಿನ ಮಾತು. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಕಲ್ಲಿನಲ್ಲಿರುವ ಖನಿಜ ನೀರಿಗೆ ಬಿಡುತ್ತದೆ. ಲೀಟರಿಗೆ 1 ಮಿಲಿಗ್ರಾಂವರೆಗೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆಯವರೆಗೆ ಪರವಾಗಿಲ್ಲ ಅಂತ ನಮ್ಮ ದೇಶದ ಮಾನದಂಡ. ಅದಕ್ಕಿಂತ ಜಾಸ್ತಿಯಾದರೆ ಮಕ್ಕಳ ಹಲ್ಲು ಕಂದುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆ ಬಾಗುತ್ತದೆ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ಫೀಲ್ಡ್ ಟೆಸ್ಟ್ ಕಿಟ್‌ನಲ್ಲಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕು ಅಂತ ಇದೆ. ಎಷ್ಟು ನೀರಿಗೆ ಎಷ್ಟು ಹನಿ ದ್ರಾವಣ, ಎಷ್ಟು ಹೊತ್ತು ಕಾಯಬೇಕು, ಬಂದ ಬಣ್ಣವನ್ನು ಪಟ್ಟಿಯ ಯಾವ ಬಣ್ಣಕ್ಕೆ ಹೋಲಿಸಬೇಕು. ನನ್ನ ಹತ್ತನೇ ತರಗತಿಯ ಹುಡುಗರು ಪ್ರಯೋಗಾಲಯದಲ್ಲಿ ಇದಕ್ಕಿಂತ ಕಡಿಮೆ ಶಿಸ್ತಿನಿಂದ ಕೆಲಸ ಮಾಡುತ್ತಿದ್ದರು.

ಆ ಹೆಂಗಸರು ಬರೆದ ಅಂಕಿ ಎಲ್ಲಿಗೆ ಹೋಗುತ್ತದೆ? ಈ ಬೋರ್‌ವೆಲ್ ನೀರು ಕುಡಿಯಬಾರದು ಅಂತ ಒಬ್ಬ ಸ್ವಸಹಾಯ ಸಂಘದ ಹೆಣ್ಣುಮಗಳು ಹೇಳಿದರೆ ನೀರುಗಂಟಿ ಕೇಳುತ್ತಾನೆಯೇ? ಗ್ರಾಮಸಭೆಯಲ್ಲಿ ಅವಳಿಗೆ ಎದ್ದು ನಿಂತು ಓದುವ ಅವಕಾಶ ಇದೆಯೇ? ಜಿಲ್ಲೆಯ ಕೆಲಸಗಳ ಪ್ರಗತಿ ಪರಿಶೀಲಿಸುವ ತಮ್ಮ ಕೆಡಿಪಿ ಸಭೆಯಲ್ಲಿ ಇದನ್ನು ಜಾರಿಗೆ ತರಲು ಅಧಿಕಾರಿಗಳಿಗೆ ಹೇಳಿ. ಪ್ರತಿ ಗ್ರಾಮಸಭೆಯಲ್ಲಿ ಮೊದಲ ಹತ್ತು ನಿಮಿಷ ನೀರಿನ ವರದಿ, ಓದುವವರು ಪರೀಕ್ಷೆ ಮಾಡಿದ ಹೆಂಗಸರೇ. ಪಂಚಾಯಿತಿ ಗೋಡೆಯ ಮೇಲೆ ಅಂಕಿಯ ಜೊತೆ ಅವರ ಹೆಸರು. ಖರ್ಚು ಒಂದು ಡಬ್ಬಿ ಬಣ್ಣ.

ಸರಿಯಾಗಿ ಗೌರವಿಸುವುದು ನಮ್ಮ ಜಿಲ್ಲೆಗೆ ಗೊತ್ತಿಲ್ಲ ಅಂತಲೂ ಅಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸು ನೋಡಿ. ರೈತರೊಬ್ಬರ ತೋಟದಲ್ಲಿ ಕೆಂಪು ತೊಳೆಯ ಹಲಸಿನ ಮರ ಇತ್ತು. ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಅದನ್ನು ಗುರುತಿಸಿ, ಪರೀಕ್ಷಿಸಿ, ಆ ರೈತರ ತಂದೆಯ ಹೆಸರನ್ನೇ ತಳಿಗೆ ಇಟ್ಟರು. ಸಸಿ ಮಾರಿದ ಹಣದಲ್ಲಿ ದೊಡ್ಡ ಪಾಲು ರೈತರಿಗೇ ಬರುವ ಹಾಗೆ ಒಪ್ಪಂದ ಮಾಡಿಕೊಂಡರು. ಹೆಸರೂ ಬಂತು, ಹಣವೂ ಬಂತು, ಮರವೂ ಉಳಿಯಿತು. ಅಲ್ಲಿ ಶಾಲು ಹೊದಿಸಿದ್ದರೋ ಇಲ್ಲವೋ, ಯಾರಿಗೆ ಬೇಕು?

ಇದೇ ದಾರಿ ಹೆಣ್ಣುಮಕ್ಕಳಿಗೆ ಯಾಕೆ ಇಲ್ಲ? ಬೀಜವನ್ನು ವರ್ಷದಿಂದ ವರ್ಷಕ್ಕೆ ಆರಿಸಿ, ಬೂದಿ ಬೆರೆಸಿ, ಮಡಕೆಯಲ್ಲಿ ಕಾಪಾಡುವವರು ಮನೆಯ ಹೆಂಗಸರು. ತಳಿ ನೋಂದಣಿ ಆಗುವಾಗ ಪಹಣಿಯಲ್ಲಿರುವ ಗಂಡಸಿನ ಹೆಸರು ಮುಂದೆ ಬರುತ್ತದೆ. ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವವರಲ್ಲಿ, ತೆಂಗಿನ ನಾರು ಹೊಸೆಯುವವರಲ್ಲಿ ತಮ್ಮ ಕೈಗೆ ತಕ್ಕಂತೆ ಉಪಕರಣವನ್ನು ಬದಲಿಸಿಕೊಂಡವರು ಇದ್ದೇ ಇರುತ್ತಾರೆ. ಅವರನ್ನು ಹುಡುಕಿಕೊಂಡು ಯಾರೂ ಹೋಗುವುದಿಲ್ಲ. ಒಬ್ಬ ವ್ಯಕ್ತಿ ಆನ್‌ಲೈನಲ್ಲಿ ಪೇಟೆಂಟ್ ಅರ್ಜಿ ಹಾಕಲು ಸರ್ಕಾರಿ ಶುಲ್ಕ 1,600 ರೂಪಾಯಿ. 2019ರ ತಿದ್ದುಪಡಿಯ ನಂತರ ಅರ್ಜಿದಾರರಲ್ಲಿ ಒಬ್ಬ ಮಹಿಳೆ ಇದ್ದರೂ ಬೇಗ ಪರಿಶೀಲಿಸಿ ಅಂತ ಕೇಳುವ ಅವಕಾಶ ಇದೆ. ಕಾನೂನು ಬಾಗಿಲು ತೆರೆದಿದೆ. ಅರ್ಜಿ ಬರೆದುಕೊಡುವವರು ಇಲ್ಲ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕನ್ನಡ ಬಲ್ಲ ಒಬ್ಬರನ್ನು ಇದಕ್ಕಾಗಿಯೇ ಕೂರಿಸಿ. ಶುಲ್ಕವನ್ನು ಜಿಲ್ಲೆ ಕಟ್ಟಲಿ.

ಕೊನೆಯದಾಗಿ ಪ್ರಶಸ್ತಿಯ ವಿಷಯ. ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿಯಲ್ಲಿ ವಿಜ್ಞಾನ, ಆರೋಗ್ಯ, ತಂತ್ರಜ್ಞಾನಕ್ಕೆ ಅಂತ ಕೆಲವು ಸ್ಥಾನ ಎತ್ತಿಡಿ, ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ ಇರಲಿ. ಅರ್ಜಿ, ಬಯೋಡೇಟಾ, ಪತ್ರಿಕೆಯ ತುಣುಕುಗಳ ಫೈಲು ಕೇಳಬೇಡಿ. ಫೈಲು ಮಾಡಲು ಬರುವವರಿಗೆ ಈಗಾಗಲೇ ಸಾಕಷ್ಟು ಪ್ರಶಸ್ತಿ ಸಿಕ್ಕಿವೆ. ಆಯ್ಕೆ ಸಮಿತಿಯವರು ವರ್ಷಕ್ಕೊಮ್ಮೆ ಹತ್ತು ತಾಲ್ಲೂಕಿಗೂ ಹೋಗಿ ಕೆಲಸವನ್ನು ಕಣ್ಣಾರೆ ನೋಡಲಿ. ಎಂಬತ್ತು ದಾಟುವ ತನಕ ಯಾರನ್ನೂ ಕಾಯಿಸಬೇಡಿ. ಮೂವತ್ತರ ಹುಡುಗಿಗೆ ಕೊಟ್ಟರೆ ಅವಳು ಆ ಹಣವನ್ನು ಮುಂದಿನ ಪ್ರಯೋಗಕ್ಕೆ ಹಾಕುತ್ತಾಳೆ. ಸಮಾರಂಭದಲ್ಲಿ ಅವಳ ಮಾತು ಮೊದಲು ಇರಲಿ, ನಮ್ಮಂಥವರ ಮಾತು ಆಮೇಲೆ. ತಮ್ಮದೂ ಸೇರಿಯೇ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಮುಂದಿನ ಕೆಡಿಪಿ ಸಭೆಯ ಕಾರ್ಯಸೂಚಿಯಲ್ಲಿ ಇದಕ್ಕೆ ಒಂದು ಸಾಲು ಸಿಕ್ಕರೆ ನಮ್ಮ ತಾಲ್ಲೂಕಿನಲ್ಲಿ ನೀರು ಪರೀಕ್ಷೆ ಮಾಡುವ ಹೆಂಗಸರ ಪಟ್ಟಿಯನ್ನು, ಅವರ ಒಪ್ಪಿಗೆ ಕೇಳಿ, ನಾನೇ ತಯಾರು ಮಾಡಿ ಕಳಿಸುತ್ತೇನೆ. ಉತ್ತರವನ್ನು ಪತ್ರದಲ್ಲೇ ಬರೆಯಬೇಕೆಂದಿಲ್ಲ. ಸಭೆಯ ನಡಾವಳಿಯಲ್ಲಿ ಬಂದರೂ ಸಾಕು, ಓದಿಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಪಾವಗಡದ ಒಬ್ಬ ನಿವೃತ್ತ ವಿಜ್ಞಾನ ಮೇಷ್ಟ್ರು