ಡೈವಿಂಗ್ ಮಾಡಿದ ದಿನವೇ ವಿಮಾನ ಬೇಡ

ಮಾನ್ಯರೇ,

ಕೊಪ್ಪಳ, ಗಂಗಾವತಿ ಕಡೆಯಿಂದಲೂ ಈಗ ಜನರು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಾಳಕ್ಕೆ ಮುಳುಗುವ ಸ್ಕೂಬಾ ಡೈವಿಂಗ್‌ಗೆಂದು ಅಂಡಮಾನ್‌ಗೆ ಹೊರಡುತ್ತಿದ್ದಾರೆ. ತುಂಗಭದ್ರಾ ಕಾಲುವೆಯಲ್ಲಿ ಈಜು ಕಲಿತ ನಮ್ಮ ಮನೆಯ ಹುಡುಗರು ಕಳೆದ ಚಳಿಗಾಲದಲ್ಲಿ ಅಲ್ಲಿನ ಸ್ವರಾಜ್ ದ್ವೀಪಕ್ಕೆ ಹೊರಟಾಗ, ಪ್ರವಾಸ ಏಜೆನ್ಸಿಯೊಂದು ಕೊಟ್ಟ ವೇಳಾಪಟ್ಟಿಯಲ್ಲಿ ಬೆಳಿಗ್ಗೆ ಆರಕ್ಕೆ ಡೈವಿಂಗ್, ಅದೇ ಮಧ್ಯಾಹ್ನ ಪೋರ್ಟ್ ಬ್ಲೇರ್‌ನಿಂದ (ಈಗಿನ ಶ್ರೀ ವಿಜಯಪುರಂ) ವಿಮಾನ ಎಂದು ನಮೂದಾಗಿತ್ತು.

ಇದು ಜೀವಕ್ಕೇ ಅಪಾಯ. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಭಾರದಷ್ಟು (ಸಮುದ್ರಮಟ್ಟದ ಗಾಳಿಯ ಒತ್ತಡದಷ್ಟು) ಒತ್ತಡ ಹೆಚ್ಚುವುದರಿಂದ, ಉಸಿರಾಡಿದ ಗಾಳಿಯ ನೈಟ್ರೋಜನ್ ಹೆಚ್ಚಿನ ಪ್ರಮಾಣದಲ್ಲಿ ರಕ್ತದಲ್ಲೂ ಅಂಗಾಂಶಗಳಲ್ಲೂ ಕರಗುತ್ತದೆ. ಅದು ಹೊರಹೋಗುವ ಮೊದಲೇ ವಿಮಾನ ಏರಿದರೆ, ಅಲ್ಲಿನ ಕಡಿಮೆ ಒತ್ತಡದಲ್ಲಿ, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಆಗುವಂತೆ, ಗುಳ್ಳೆಗಳಾಗಿ ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ತೊಂದರೆ ಕೊಡಬಹುದು. ಒಂದೇ ಸಲ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ಕಾಯಬೇಕೆಂಬುದು ಡೈವಿಂಗ್ ವೈದ್ಯಕೀಯದ ಸಲಹೆ. ಇಡೀ ಒಂದು ದಿನ ಬಿಡುವುದು ಇನ್ನೂ ಒಳ್ಳೆಯದು.

ನಾವು ಜಗಳವಾಡಿ ಟಿಕೆಟ್ ಬದಲಿಸಿಕೊಂಡೆವು; ಗೊತ್ತಿಲ್ಲದವರ ಗತಿಯೇನು? ಅಸ್ತಮಾ, ಹೃದಯದ ತೊಂದರೆ ಇದೆಯೇ ಎಂದು ಕೇಳುವ ಆರೋಗ್ಯ ಪತ್ರವನ್ನೂ ಅಲ್ಲಿ ದೋಣಿ ಹತ್ತುವಾಗ ಇಂಗ್ಲಿಷ್‌ನಲ್ಲಿ ಕೊಟ್ಟು ಸಹಿ ಹಾಕಿಸಿಕೊಂಡರು. ನೆಗಡಿಯಾಗಿದ್ದಾಗ ಮುಳುಗಿದರೆ ಕಿವಿತಮಟೆಗೆ ಪೆಟ್ಟಾಗಬಹುದು ಎಂಬುದನ್ನು ಊರಲ್ಲೇ ಯಾರೂ ಹೇಳಿರಲಿಲ್ಲ. ನಮ್ಮ ಜಿಲ್ಲೆಯ ಪ್ರವಾಸ ಏಜೆನ್ಸಿಗಳು ಮುಂಗಡ ಪಡೆಯುವ ಮುನ್ನವೇ ಈ ಪತ್ರವನ್ನು ಕನ್ನಡದಲ್ಲಿ ಕೊಡಬೇಕು, ಡೈವಿಂಗ್ ಮರುದಿನದ ವಿಮಾನಕ್ಕೇ ಟಿಕೆಟ್ ಮಾಡಬೇಕು ಎಂದು ಪ್ರವಾಸೋದ್ಯಮ ಇಲಾಖೆ ಸೂಚಿಸಲಿ.

– ಓದುಗ, ಗಂಗಾವತಿ, ಕೊಪ್ಪಳ ಜಿಲ್ಲೆ