ಡ್ರೈನ್ ಬಲ್ಬ್ ಹಿಂಡುವುದನ್ನು ಕಲಿಸಿದ ಸಿಸ್ಟರ್‌ಗೆ

ಸಿಸ್ಟರ್, ಡಿಸ್ಚಾರ್ಜ್ ಗಡಿಬಿಡಿಯಲ್ಲೂ ನೀವು ಕೊಟ್ಟ ಆ ಹತ್ತು ನಿಮಿಷಕ್ಕೆ ಧನ್ಯವಾದ. ಸ್ತನ ಕ್ಯಾನ್ಸರ್ ಆಪರೇಷನ್ ಆದವರ ಮನೆಯಲ್ಲಿ ಮೊದಲು ಎಡವುವುದು ಡ್ರೈನ್ ವಿಷಯದಲ್ಲೇ. ಡ್ರೈನ್ ಅಂದರೆ ಗಾಯದೊಳಗಿನ ನೀರನ್ನು ಹೊರಗೆಳೆಯುವ ಟ್ಯೂಬ್, ಅದರ ತುದಿಯಲ್ಲಿ ಹಿಂಡುವಂಥ ಮೆತ್ತನೆಯ ಬಲ್ಬ್. ಬಲ್ಬ್ ಖಾಲಿ ಮಾಡಿ ಹಾಗೇ ಮುಚ್ಚಳ ಹಾಕಿಬಿಡುತ್ತಾರೆ. ಗಾಳಿ ತುಂಬಿದ ಬಲ್ಬ್ ಏನನ್ನೂ ಎಳೆಯುವುದಿಲ್ಲ. ನೀರು ಚರ್ಮದಡಿಯೇ ನಿಂತು ಊದಿಕೊಳ್ಳುತ್ತದೆ. ಅಂಗೈಯಲ್ಲಿ ಚಪ್ಪಟೆಯಾಗುವಷ್ಟು ಹಿಂಡಿ, ಹಿಡಿತ ಬಿಡದೆ ಮುಚ್ಚಬೇಕೆಂದು ಮೂರು ಸಲ ಮಾಡಿ ತೋರಿಸಿದಿರಿ. ಟ್ಯೂಬಿನಲ್ಲಿ ಹೆಪ್ಪು ಕಂಡರೆ ಚರ್ಮದ ಹತ್ತಿರ ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದರಿಂದ ಬಲ್ಬಿನ ಕಡೆಗೆ ನೀವುವುದು; ಆ ಮೊದಲ ಹಿಡಿತ ತಪ್ಪಿದರೆ ಹೊಲಿಗೆ ಜಗ್ಗುತ್ತದೆ. ಬಲ್ಬಿಗೆ ಬಂದ ನೀರನ್ನು ದಿನಕ್ಕೆರಡು ಸಲ ಅಳೆದು ಬರೆದಿಡಿ ಎಂದಿರಿ. ಸಾಮಾನ್ಯವಾಗಿ 24 ಗಂಟೆಗೆ 30 ಮಿಲಿಗಿಂತ ಕಡಿಮೆ, ಅದೂ ಸತತ ಎರಡು ದಿನ ಬಂದ ಮೇಲೆ ಡ್ರೈನ್ ತೆಗೆಯುವ ಮಾತು.

ನೋವಿನ ಮಾತ್ರೆ ನೋವು ಏರುವ ಮುನ್ನವೇ, ಗಡಿಯಾರ ನೋಡಿ. ಪ್ಯಾರಾಸಿಟಮಾಲ್ ನೆಗಡಿ ಮಾತ್ರೆಯಲ್ಲೂ ಇರುತ್ತದೆ. ಎಲ್ಲ ಸೇರಿ ದಿನಕ್ಕೆ 4 ಗ್ರಾಂ ದಾಟಬಾರದು, ಲಿವರ್ ತೊಂದರೆಯಿದ್ದರೆ ಇನ್ನೂ ಕಡಿಮೆ. ಮಾರ್ಫಿನ್ ಇದ್ದರೆ ಮೊದಲ ದಿನದಿಂದಲೇ ಮಲಬದ್ಧತೆಗೂ ಔಷಧಿ ಬೇಕು. ಚೀಟಿಯಲ್ಲಿ ಇದು ಬಿಟ್ಟುಹೋಗುವುದೇ ಹೆಚ್ಚು, ನೀವು ಕೇಳಿ ಬರೆಸಿದಿರಿ. 38 ಡಿಗ್ರಿ ಸೆಲ್ಸಿಯಸ್ ಜ್ವರ, ಹರಡುವ ಕೆಂಪು, ಕೀವು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ ಎಂದು ಫೋನ್ ನಂಬರನ್ನು ಮಾತ್ರೆ ಕವರಿನ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಟ್ಟಿರಿ. ನಿಮ್ಮ ಹೆಸರು ಮಾತ್ರ ಅದರಲ್ಲಿಲ್ಲ.